ಏಳನೇ ಪುಡಿ

೧೪ ಸೆಪ್ಟೆಂಬರ್ ೨೦೦೬, ಗುರುವಾರ

ಇವತ್ತೂ ಊಟ ಲ್ಯಾಬಿನಲ್ಲೇ ಆಯಿತು. ಸ್ಟಾಫ್ ರೂಮಿಗೆ ಹೋದರೆ ಕಾಮರ್ಸಿನ ನಂಜೇಶ್ ಇರುತ್ತಾರೆ. ಹೋದ ವಾರ ಡಬ್ಬಿ ಬಿಚ್ಚುತ್ತಾ ಅವರು ಅಂದ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ. "ನಿಮ್ಗೇನ್ ಬುಡಿ ಮೇಡಂ, ಪಿಎಚ್‌ಡಿ ಮನೆ ಬಾಗ್ಲಿಗೇ ಬತ್ತದೆ. ಓದಿ ಬರ್ದು ಸಾಯೋರು ನಾವು." ಎಲ್ಲರೂ ನಕ್ಕರು. ನಾನೂ ನಕ್ಕೆನಲ್ಲ, ಅದಕ್ಕೇ ಹೊಟ್ಟೆ ಉರಿಯುವುದು. ನಮ್ಮ ಕೇರಿಯಿಂದ ಬಂದವಳು ಏನು ಮಾಡಿದರೂ ಅದು ಯಾರೋ ಪುಕ್ಕಟೆ ಕೊಟ್ಟದ್ದು ಎಂದೇ ಇವರ ಲೆಕ್ಕ. ಹಾಗಾಗಿ ನರಸೀಪುರದ ಈ ಕಾಲೇಜಿನಲ್ಲಿ ಫಿಸಿಕ್ಸ್ ಲ್ಯಾಬಿನ ಮೂಲೆಯೇ ನನ್ನ ಊಟದ ಮನೆ. ಅಟೆಂಡರ್ ಚಿಕ್ಕಮಾದು ಸ್ಟೂಲ್ ಒರೆಸಿಕೊಟ್ಟು ಹೋಗುತ್ತಾನೆ.

ಆರನೇ ಪುಡಿ ಹಾಳಾಯಿತು. ಫರ್ನೇಸ್ ಚೆನ್ನಾಗಿ ಕಾದು ಕೆಂಪಾಗುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಬಿಸ್ಮತ್ ಬಹಳ ಮುನಿಸಿನ ಲೋಹ. ಶಾಖ ಹೆಚ್ಚಾದರೆ ಆವಿಯಾಗಿ ಎದ್ದು ಹೋಗುತ್ತದೆ, ಕಡಿಮೆಯಾದರೆ ಕಬ್ಬಿಣದ ಜೊತೆ ಕೂಡುವುದೇ ಇಲ್ಲ.

ನಿನ್ನೆ ಅಪ್ಪ, ನಿನ್ನ ಕೆಲಸ ಏನೆಂದು ನನ್ನಂಥ ಪೋಸ್ಟಾಫೀಸಿನವನಿಗೂ ಅರ್ಥವಾಗುವ ಹಾಗೆ ಹೇಳು ಎಂದರು. ಹೇಳಿದೆ. ಬಿಸ್ಮತ್, ಕಬ್ಬಿಣ, ಆಕ್ಸಿಜನ್ ಮೂರೂ ಸೇರಿದ ಒಂದು ಕಂದು ಪುಡಿ. ಅದರೊಳಗಿನ ಕಬ್ಬಿಣದ ಪರಮಾಣುಗಳು ಪುಟ್ಟ ಪುಟ್ಟ ಕಾಂತಗಳು. ಆದರೆ ಒಂದು ಮೇಲೆ ನೋಡಿದರೆ ಪಕ್ಕದ್ದು ಕೆಳಗೆ ನೋಡುತ್ತದೆ. ಒಂದರ ಬಲವನ್ನು ಇನ್ನೊಂದು ತಿಂದುಹಾಕಿ, ಹೊರಗಿನಿಂದ ನೋಡಿದರೆ ಕಾಂತವೇ ಅಲ್ಲ. ಚೂರು ಲ್ಯಾಂಥನಮ್ ಬೆರೆಸಿದರೆ ಆ ಸಮ ತಪ್ಪಿ ಕಾಂತತ್ವ ಹೊರಗೆ ಬರಬೇಕು ಎಂಬುದು ನನ್ನ ಊಹೆ. ಬಂದರೆ, ವಿದ್ಯುತ್ತಿಗೂ ಕಾಂತಕ್ಕೂ ಒಟ್ಟಿಗೆ ಮಣಿಯುವ ವಸ್ತು ನನ್ನ ಕೈಯಲ್ಲಿ. ಬರದಿದ್ದರೆ ಪಿಎಚ್‌ಡಿ ಪ್ರಬಂಧದಲ್ಲಿ ಬರೆಯಲು ಏನೂ ಇಲ್ಲ. ಅಪ್ಪ ಎಲ್ಲ ಕೇಳಿ, "ಒಬ್ಬರ ಬಲ ಒಬ್ಬರು ತಿನ್ನೋದು ಪರಮಾಣುವಿನಲ್ಲೂ ಇದೆ ಅನ್ನು" ಎಂದರು.

ಏಳನೇ ಪುಡಿಯಾದರೂ ನಿಲ್ಲಲಿ. ಗೈಡ್ ಶಿವಮಲ್ಲಪ್ಪ ಸರ್ ಮುಂದೆ ಇನ್ನೊಮ್ಮೆ ಬರಿಗೈಯಲ್ಲಿ ನಿಲ್ಲಲು ನನಗೆ ಭಯ.

೨೨ ಸೆಪ್ಟೆಂಬರ್ ೨೦೦೬, ಶುಕ್ರವಾರ. ಮಹಾಲಯ ಅಮಾವಾಸ್ಯೆ

ಏಳನೇ ಪುಡಿ ನಿಂತಿತು. ಮೊನ್ನೆಯೇ ಒಂದು ಚಿಟಿಕೆ ಮೈಸೂರಿಗೆ ಎಕ್ಸ್-ರೇ ಪರೀಕ್ಷೆಗೆ ಕೊಟ್ಟಿದ್ದೆ. ಶುದ್ಧವಾಗಿದೆ ಎಂದು ಇವತ್ತು ಸರ್ ಫೋನ್ ಮಾಡಿದರು. ಉಳಿದದ್ದನ್ನು ನಂಜನಗೂಡಿನ ಮನೆಗೆ ಒಯ್ದು ಅಗೇಟ್ ಕಲ್ಲಿನ ಒರಳಿನಲ್ಲಿ ಅರೆದು ಇಟ್ಟಿದ್ದೆ. ಅವ್ವ ಆ ಒರಳನ್ನು ನಿನ್ನ ಚಟ್ನಿ ಕಲ್ಲು ಅನ್ನುತ್ತಾಳೆ.

ಇನ್ನು ಪುಡಿ ಬೆಂಗಳೂರಿಗೆ ಹೋಗಬೇಕಾದದ್ದು ಕಾಂತತ್ವ ಅಳೆಯಲು. ಅಲ್ಲಿನ ಸಂಸ್ಥೆಯಲ್ಲಿ ಕೆಲಸ ಮಾಡುವ ಎಂಎಸ್ಸಿ ಗೆಳತಿ ಚೈತ್ರ ಹಬ್ಬಕ್ಕೆ ಇಲ್ಲೇ ಪಕ್ಕದ ಸೋಸಲೆಗೆ ಬಂದಿದ್ದಳು. ಸಂಜೆ ಹಿಂತಿರುಗುವಾಗ ಕಾಲೇಜಿಗೇ ಬಂದು ಒಯ್ಯುತ್ತೇನೆ ಎಂದಿದ್ದಳು. ರಜೆಯಾದರೂ ಬೆಳಿಗ್ಗೆಯೇ ಬಂದು ಲ್ಯಾಬಿನ ಬೀಗ ತೆಗೆದು ನೋಡಿದರೆ ಬ್ಯಾಗಿನಲ್ಲಿ ಪುಡಿಯೇ ಇಲ್ಲ! ಫಿಲ್ಮ್ ರೋಲಿನ ಆ ಕಪ್ಪು ಡಬ್ಬಿ ಮನೆಯ ಕಿಟಕಿಯ ಮೇಲೆಯೇ ಉಳಿದಿತ್ತು. ಅಪ್ಪ ಮೈಸೂರಿಗೆ ಬೌದ್ಧ ಸಂಘದ ಸಭೆಗೆ ಹೋಗಿದ್ದರು. ಅವ್ವನಿಗೆ ಫೋನ್ ಮಾಡಿದೆ. ಒಬ್ಬಳೇ ಬಸ್ ಹತ್ತಿ ಬಾ ಎನ್ನಲು ಜೀವ ಹೆದರಿತು. ಅವಳಿಗೆ ಬೋರ್ಡು ಓದಲು ಬರುವುದಿಲ್ಲ.

ಬಂದಳು. ಹೊತ್ತು ಇಳಿಯುತ್ತಿತ್ತು. ಒಂದು ಕೈಯಲ್ಲಿ ಬ್ಯಾಗು, ಮುಖದ ತುಂಬಾ ಧೂಳು, ಆ ರಸ್ತೆಯ ಹಳ್ಳಗಳಿಗೆಲ್ಲ ಶಾಪ. ಬ್ಯಾಗು ಕೊಡು ಎಂದರೆ ಕೊಡಲಿಲ್ಲ. ಕೈಕಾಲು ತೊಳೆದು ಬರುತ್ತೇನೆಂದು ಅದರ ಸಮೇತ ನಲ್ಲಿಯ ಹತ್ತಿರ ಹೋದಳು. ಆಮೇಲೆ ತೆಗೆದುಕೊಟ್ಟಳು, ಪುಡಿಯ ಡಬ್ಬಿ ಮತ್ತು ಟಿಫನ್ ಕ್ಯಾರಿಯರಿನ ತುಂಬಾ ನಾಟಿಕೋಳಿ ಸಾರು. ಹಿರಿಯರ ಹಬ್ಬದ ಸಾರು. ಎಡೆ ಇಡುವುದು ನಮ್ಮ ಮನೆಯಲ್ಲಿ ಇಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಬೌದ್ಧರಾದರು. ಅಂದಿನಿಂದ ಎಡೆ, ತಾಯಿತ, ನಿಂಬೆಹಣ್ಣು, ದೃಷ್ಟಿ ನಿವಾಳಿಸುವುದು ಎಲ್ಲ ಬಂದ್. ನಮ್ಮವರು ಹೆದರಿಕೆಯನ್ನೇ ದೇವರು ಮಾಡಿಕೊಂಡರು ಎಂಬುದು ಅಪ್ಪನ ಮಾತು. ಅವ್ವ ಅದಕ್ಕೆಲ್ಲ ಆಗಲಿ ಎಂದವಳು. ಆದರೆ ಅಮಾವಾಸ್ಯೆಯ ದಿನ ಅವಳಿಗೆ ಯಾಕೋ ಕೋಳಿ ತಿನ್ನಬೇಕು ಅನ್ನಿಸಿಬಿಡುತ್ತದೆ.

ಚೈತ್ರ ಬಂದಳು. ಅರ್ಧ ಪುಡಿಯನ್ನು ಗಾಜಿನ ಶೀಶೆಗೆ ಸುರಿದುಕೊಟ್ಟೆ, ಇನ್ನರ್ಧ ಡಬ್ಬಿಯಲ್ಲೇ ಇದೆ. ಮೂವರೂ ಸಾರು ಉಂಡೆವು. ಬಹಳ ಚೆನ್ನಾಗಿತ್ತು.

೮ ನವೆಂಬರ್ ೨೦೦೬, ಬುಧವಾರ

ಚೈತ್ರ ಫೋನ್ ಮಾಡಿದಳು. ಕಾಂತತ್ವ ಇದೆ. ಇಲ್ಲದಿದ್ದರೆ ಯಂತ್ರ ನೇರ ಗೆರೆ ಎಳೆಯುತ್ತದೆ. ನನ್ನ ಪುಡಿಗೆ ಬಾಗಿದ ಗೆರೆ ಎಳೆದಿದೆ, ಅದೂ ಇದುವರೆಗೆ ಬೇರೆಯವರು ಬರೆದದ್ದಕ್ಕಿಂತ ಹೆಚ್ಚು.

ಫೋನಿಟ್ಟ ಮೇಲೆ ಅವಳು ಹೇಳಿದ ಅಂಕಿಯನ್ನು ಮೂರು ಸಲ ಬರೆದು ನೋಡಿದೆ. ನನಗೆ ಇಷ್ಟು ಒಳ್ಳೆಯದು ಆಗುವುದು ಅಭ್ಯಾಸವಿಲ್ಲ.

೧೯ ಫೆಬ್ರವರಿ ೨೦೦೭, ಸೋಮವಾರ

ಲೇಖನ ಒಪ್ಪಿಗೆಯಾಯಿತು. ವಿದೇಶದ ಪತ್ರಿಕೆ. ನನ್ನ ಹೆಸರು ಮೊದಲು, ಶಿವಮಲ್ಲಪ್ಪ ಸರ್ ಹೆಸರು ಕೊನೆಗೆ. ಸರ್ ಮೊದಲ ಸಲ ನನ್ನನ್ನು ಕೂರಿಸಿ ಕಾಫಿ ತರಿಸಿದರು. ವರ್ಷದ ಕೊನೆಗೆ ಪ್ರಬಂಧ ಕೊಟ್ಟುಬಿಡಿ ಎಂದರು.

ಅಪ್ಪ ಬೀದಿಯವರಿಗೆಲ್ಲ ಮೈಸೂರು ಪಾಕು ಹಂಚಿದರು. ಲೇಖನದ ಮೊದಲ ಪುಟವನ್ನು ಜೆರಾಕ್ಸ್ ಮಾಡಿಸಿ ಬಾಬಾಸಾಹೇಬರ ಪಟದ ಕೆಳಗೆ ಅಂಟಿಸಿದ್ದಾರೆ. ಅವ್ವ ಮಾತ್ರ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಮೆಲ್ಲಗೆ, "ಎಲ್ಲಾರ್ಗೂ ಯಾಕ್ ಏಳ್ತೀರಿ ಮಗ? ಕಣ್ಣು ಬಿದ್ರೆ?" ಎಂದಳು. ನಾನು ನಕ್ಕುಬಿಟ್ಟೆ.

ಕಾಲೇಜಿನಲ್ಲಿ ಪ್ರಿನ್ಸಿಪಾಲರು ಹಾರ ಹಾಕಿದರು. ನಂಜೇಶ್ ಚಪ್ಪಾಳೆ ತಟ್ಟಿದರು. ತಟ್ಟುವಾಗ ಪಕ್ಕದವರ ಕಿವಿಯಲ್ಲಿ ಏನು ಹೇಳಿದರೋ ಎಂದು ಇಡೀ ಮಧ್ಯಾಹ್ನ ಯೋಚಿಸಿದೆ. ಊಟ ಲ್ಯಾಬಿನಲ್ಲಿ.

೧೨ ಜೂನ್ ೨೦೦೭, ಮಂಗಳವಾರ

ಎಂಟನೇ ಪುಡಿ. ಅದೇ ಅಳತೆ, ಅದೇ ಶಾಖ. ಎಕ್ಸ್-ರೇ ಶುದ್ಧ. ಚೈತ್ರ ಅಳೆದು ಕಳಿಸಿದ್ದಾಳೆ.

ನೇರ ಗೆರೆ.

೨೫ ಜೂನ್ ೨೦೦೭, ಸೋಮವಾರ

ಒಂಬತ್ತನೆಯದೂ ನೇರ ಗೆರೆ. ಸರ್‌ಗೆ ಹೇಳಿಲ್ಲ.

೪ ಜುಲೈ ೨೦೦೭, ಬುಧವಾರ

ಪುಣೆಯಿಂದ ಈಮೇಲ್ ಬಂದಿದೆ. ಅಲ್ಲಿನ ಒಂದು ಗುಂಪು ನನ್ನ ಲೇಖನ ನೋಡಿ ಅದೇ ಪುಡಿ ಮಾಡಿದೆಯಂತೆ. ಕಾಂತತ್ವ ಸಿಕ್ಕಿಲ್ಲವಂತೆ. ಬಹಳ ವಿನಯದಿಂದ, ನಿಮ್ಮ ಪುಡಿಯಲ್ಲಿ ಸ್ವಲ್ಪ ಕಳಿಸಿದರೆ ನಾವೂ ಅಳೆದು ನೋಡುತ್ತೇವೆ ಎಂದು ಬರೆದಿದ್ದಾರೆ. ಆ ವಿನಯ ಓದುವಾಗಲೇ ನನಗೆ ಬೆವರು ಬಂತು.

ಮೈಸೂರಿಗೆ ಹೋಗಿ ಸರ್‌ಗೆ ಎಂಟು, ಒಂಬತ್ತರ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು, "ಉಳಿದಿರೋ ಏಳನೇ ಪುಡಿಯನ್ನೇ ಕಳಿಸಿ ರಂಜಿನಿ. ಹೊಸದು ಬೇಡ. ಅದನ್ನ ಅಳೆದ್ರೆ ಕಾಂತ ಬರುತ್ತೆ, ಅಲ್ಲಿಗೆ ಮಾತು ಮುಗೀತು. ನಿಮ್ಮ ಕೈ ಯಾಕೆ ಈಗ ಕೆಟ್ಟಿದೆ ಅನ್ನೋದು ನಿಧಾನಕ್ಕೆ ನೋಡೋಣ."

ಕೈ ಕೆಟ್ಟಿರುವುದು ಈಗಲೋ, ಆಗಲೋ? ಆ ಪ್ರಶ್ನೆಯನ್ನು ಬಾಯಿಗೆ ತರಲಾಗಲಿಲ್ಲ. ಬಸ್‌ಸ್ಟ್ಯಾಂಡಿಗೆ ಬರುವವರೆಗೂ ಹಿಂದಿನಿಂದ ಯಾರೋ ನನ್ನ ಹೆಸರು ಕರೆದ ಹಾಗೆ ಅನ್ನಿಸುತ್ತಿತ್ತು.

೨೦ ಜುಲೈ ೨೦೦೭, ಶುಕ್ರವಾರ

ಪುಡಿ ಇನ್ನೂ ಕಳಿಸಿಲ್ಲ. ಕಳಿಸದಿರಲು ದಿನಕ್ಕೊಂದು ನೆಪ. ಜ್ವರ, ಪರೀಕ್ಷೆಯ ಡ್ಯೂಟಿ, ಕೊರಿಯರಿನವನಿಲ್ಲ.

ಈಮೇಲ್ ನೋಡಲು ಸೈಬರ್ ಕೆಫೆಗೆ ಹೋಗಿ ಬಾಗಿಲಲ್ಲೇ ನಿಂತು ತಿರುಗಿ ಬಂದೆ. ಲ್ಯಾಬಿನ ಫೋನ್ ಹೊಡೆದರೆ ಚಿಕ್ಕಮಾದುವಿಗೆ ಎತ್ತಲು ಹೇಳುತ್ತೇನೆ. ಎದೆ ಹೊಡೆದುಕೊಳ್ಳುವುದು ಹೊರಗೆ ಕೇಳಿಸುತ್ತಿದೆಯೇನೋ ಎಂದು ಸೆರಗು ಬಿಗಿಯಾಗಿ ಹೊದ್ದುಕೊಳ್ಳುತ್ತೇನೆ. ಹುಚ್ಚು.

ಇಲ್ಲಾದರೂ ಇದ್ದದ್ದು ಬರೆಯುತ್ತೇನೆ. ನನ್ನ ಭಯ ಪುಣೆಯವರದಲ್ಲ, ಪ್ರಬಂಧದ್ದೂ ಪೂರ್ತಿ ಅಲ್ಲ. ಇದು ಸುಳ್ಳಾದರೆ ತಪ್ಪಾಯಿತು ಎಂದು ಯಾರೂ ಅನ್ನುವುದಿಲ್ಲ, ಮೋಸ ಎನ್ನುತ್ತಾರೆ. ಬೇರೆಯವರು ಮಾಡಿದರೆ ತಪ್ಪು, ನಾವು ಮಾಡಿದರೆ ನಮ್ಮ ಬುದ್ಧಿ. ಕೇರಿಯಿಂದ ಮುಂದೆ ಬರುವ ಹುಡುಗಿಗೂ ಅದೇ ಮಾತು ಅಂಟುತ್ತದೆ. ಪಟದ ಕೆಳಗಿನ ಜೆರಾಕ್ಸನ್ನು ಅಪ್ಪ ದಿನಾ ಒರೆಸುತ್ತಾರೆ. ಅತ್ತ ಕಡೆ ನೋಡುವುದನ್ನೇ ಬಿಟ್ಟಿದ್ದೇನೆ.

೬ ಆಗಸ್ಟ್ ೨೦೦೭, ಸೋಮವಾರ

ಇವತ್ತು ಮಾಡಿದೆ. ಎಂದೋ ಮಾಡಬಹುದಿತ್ತು, ಹೈಸ್ಕೂಲು ಮಕ್ಕಳೂ ಮಾಡುತ್ತಾರೆ. ಭಯಕ್ಕೆ ಮಾಡಿರಲಿಲ್ಲ.

ಹಳೆಯ ರೇಡಿಯೋದ ಸ್ಪೀಕರಿನಿಂದ ಕಾಂತ ಬಿಚ್ಚಿಕೊಂಡೆ. ಲ್ಯಾಬಿನ ಬಾಗಿಲಿಗೆ ಅಗುಳಿ ಹಾಕಿದೆ. ಏಳನೇ ಪುಡಿಯನ್ನು ಬಿಳಿ ಹಾಳೆಯ ಮೇಲೆ ತೆಳ್ಳಗೆ ಹರಡಿ, ಹಾಳೆಯ ಅಡಿಯಲ್ಲಿ ಕಾಂತ ಆಡಿಸಿದೆ.

ಪುಡಿ ನನ್ನ ಊಹೆಯಂತೆ ಕಾಂತವಾಗಿದ್ದರೆ ಎಲ್ಲ ಒಟ್ಟಿಗೆ ಅಲುಗಬೇಕಿತ್ತು. ಕಂದು ಪುಡಿ ಮಲಗಿದಲ್ಲೇ ಮಲಗಿತ್ತು. ಅದರ ನಡುವಿನಿಂದ ನಾಲ್ಕಾರು ಕಪ್ಪು ಚೂರುಗಳು ಮಾತ್ರ ಎದ್ದು ನಿಂತು ಕಾಂತದ ಹಿಂದೆ ಓಡಿದವು. ಸಾಸಿವೆಯ ಸಿಪ್ಪೆಯಷ್ಟೂ ಇಲ್ಲ. ಆದರೆ ಕಬ್ಬಿಣ ಅಷ್ಟಿದ್ದರೂ ಸಾಕು, ಯಂತ್ರ ಗೆರೆಯನ್ನು ಬಾಗಿಸುತ್ತದೆ. ಚೂರುಗಳನ್ನು ಎತ್ತಿ ಬೇರೆ ಕಾಗದದಲ್ಲಿ ಮಡಿಸಿಟ್ಟೆ.

ಎಂಟು, ಒಂಬತ್ತು ಹೇಳಿದ್ದೇ ನಿಜ. ನನ್ನ ಪುಡಿ ಕಾಂತ ಅಲ್ಲ. ಲೇಖನದ ಹೆಸರಿನಿಂದ ಹಿಡಿದು ಕೊನೆಯ ಸಾಲಿನವರೆಗೆ ಸುಳ್ಳು.

ನೆಲದ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಹೊರಗೆ ಚಿಕ್ಕಮಾದು ಬಾಗಿಲು ತಟ್ಟಿ, ಉಷಾರಾಗಿದ್ದೀರಾ ಮೇಡಂ ಎಂದು ಕೇಳಿದ.

೮ ಆಗಸ್ಟ್ ೨೦೦೭, ಬುಧವಾರ

ಕಬ್ಬಿಣ ಎಲ್ಲಿಂದ ಬಂತು? ಅರೆದದ್ದು ಕಲ್ಲಿನ ಒರಳಿನಲ್ಲಿ. ಚಮಚ ಪ್ಲಾಸ್ಟಿಕ್. ಫರ್ನೇಸಿನಲ್ಲಿ ಬಿದ್ದಿದ್ದರೆ ಆ ಶಾಖಕ್ಕೆ ಸುಟ್ಟು ಕಬ್ಬಿಣವಾಗಿ ಉಳಿಯುತ್ತಿರಲಿಲ್ಲ. ಬೆಂದ ಮೇಲೆ, ಅರೆದ ಮೇಲೆ ಸೇರಿದೆ.

ಚಿಕ್ಕಮಾದುವನ್ನು ಕರೆದು, ಡಬ್ಬಿ ಮುಟ್ಟಿದ್ದೆಯಾ, ಕಬ್ಬಿಣದ ಸಲಾಕೆ ಹಾಕಿ ಕೆದಕಿದ್ದೆಯಾ ಎಂದು ಕೇಳಿದೆ. ದನಿ ಏರಿತ್ತು. ಅವನು ಕೈ ಕಟ್ಟಿಕೊಂಡು, "ಇಲ್ಲ ಮೇಡಂ. ನಿಮ್ ಸಾಮಾನ್ ಕಂಡ್ರೆ ನಂಗೇ ಭಯ. ಏನಾರ ಆದ್ರೆ ನನ್ ತಲೆ ಮೇಲ್ ಬತ್ತದೆ ಅಂತ" ಎಂದ. ಅವನ ಮುಖದಲ್ಲಿ ಇದ್ದ ಭಯ ನನಗೆ ಚೆನ್ನಾಗಿ ಪರಿಚಯದ್ದು. ನಾಚಿಕೆಯಾಯಿತು. ಹೋಗು ಎಂದೆ.

೨೬ ಆಗಸ್ಟ್ ೨೦೦೭, ಭಾನುವಾರ

ಹುಲ್ಲಹಳ್ಳಿಯಲ್ಲಿ ಚಿಕ್ಕಬಸಮ್ಮ ಅತ್ತೆ ಹೊಸ ಮನೆಗೆ ಬಂದ ಖುಷಿಗೆ ಕುರಿ ಕೊಯ್ಸಿದ್ದರು. ಅಪ್ಪ, ಅವ್ವ, ನಾನು ಹೋಗಿದ್ದೆವು. ಬರುವಾಗ ಅತ್ತೆ ಒಂದು ಡಬ್ಬಿ ಮಾಂಸದ ಸಾರು ಕಟ್ಟಿ ಕೊಟ್ಟರು. ನಂಜನಗೂಡಿನಲ್ಲಿ ಬಸ್ ಇಳಿಯುವ ಹೊತ್ತಿಗೆ ಮುಚ್ಚಂಜೆ.

ಅಪ್ಪ ಬೀಗ ತೆಗೆದು ಒಳಗೆ ಹೋದರು. ನಾನು ಹಿಂದೆ ಚಪ್ಪಲಿ ಬಿಡುತ್ತಿದ್ದೆ. ಅವ್ವ ಹೊಸ್ತಿಲ ಈಚೆಯೇ ನಿಂತು, ನಮಗೆ ಬೆನ್ನು ತಿರುಗಿಸಿ, ಬ್ಯಾಗಿನೊಳಗೆ ಕೈ ಹಾಕಿ ಏನೋ ತೆಗೆದು ಸೆರಗಿನ ಗಂಟಿಗೆ ಸೇರಿಸಿದಳು. ಸರಸರನೆ, ಎಷ್ಟೋ ವರ್ಷದ ಅಭ್ಯಾಸ ಇರುವವರ ಹಾಗೆ.

ಹೋದ ವರ್ಷ ಕಾಲೇಜಿನ ನಲ್ಲಿಯ ಹತ್ತಿರ ಅವಳು ಹೀಗೇ ಬೆನ್ನು ತಿರುಗಿಸಿ ನಿಂತಿದ್ದು ಕಣ್ಣಿಗೆ ಬಂತು.

ಹಿತ್ತಲಿಗೆ ಕರೆದುಕೊಂಡು ಹೋಗಿ, ಸೆರಗಿನಲ್ಲಿ ಏನು ಎಂದೆ. ಏನೂ ಇಲ್ಲ ಎಂದಳು. ಒಳಗೆ ಅಪ್ಪ ರೇಡಿಯೋ ಹಾಕಿದ ಸದ್ದಾಯಿತು. ಆಮೇಲೆ ಗಂಟು ಬಿಚ್ಚಿದಳು. ಲಾಳದ ಮೊಳೆ. ನನ್ನ ತಾತ ಎತ್ತಿಗೆ ಲಾಳ ಕಟ್ಟಿಸುತ್ತಿದ್ದ ಕಾಲದ್ದು, ಕಿರುಬೆರಳಿನ ಅರ್ಧದಷ್ಟು, ತುಕ್ಕು ಹಿಡಿದ ಮೈಯೆಲ್ಲ ಸಿಪ್ಪೆ ಸಿಪ್ಪೆಯಾಗಿ ಹಕ್ಕಳೆ ಎದ್ದಿದೆ. ಹೊತ್ತು ಮುಳುಗುವಾಗ ಮಾಂಸದಡುಗೆ ಹೊತ್ತುಕೊಂಡು ಬಂದರೆ ಗಾಳಿ ಬೆನ್ನು ಹತ್ತುತ್ತದೆ, ಜೊತೆಗೆ ಕಬ್ಬಿಣ ಇರಬೇಕು ಎಂಬುದು ನಮ್ಮ ಹಳಬರ ನಂಬಿಕೆ. ಅದನ್ನೂ ಅಪ್ಪ ಬಂದ್ ಮಾಡಿದ್ದರು. ಬಂದ್ ಆಗಿದೆ ಎಂದು ನಾನೂ ಅಪ್ಪನೂ ತಿಳಿದಿದ್ದೆವು ಅಷ್ಟೆ.

ಹೋದ ಅಮಾವಾಸ್ಯೆಗೆ ನರಸೀಪುರಕ್ಕೆ ಸಾರು ತಂದೆಯಲ್ಲ, ಆಗಲೂ ಇದು ಇತ್ತಾ ಎಂದು ಕೇಳಿದೆ. ಅವಳು ನೆಲ ನೋಡಿದಳು.

"ಎಲ್ಲಿ ಇಟ್ಟಿದ್ದೆ ಅವ್ವ? ಸಾರಿನೊಳಗಾ?"

"ಸಾರಿಗೆ ಆಕುದ್ರೆ ತುಕ್ಕಿನ ರುಚಿ ಬತ್ತದೆ ಕಣವ್ವ. ನಿಂಗೆ ಗೊತ್ತಾಗೋಯ್ತದೆ, ನಿಮ್ಮಪ್ಪಂಗೆ ಏಳ್ಬುಡ್ತೀಯ. ಅದ್ಕೆ ಆ ಪುಡಿ ಡಬ್ಬಿಗೆ ಆಕ್ದೆ. ಅದೂ ತುಕ್ಕಿನ್ ತರಾನೇ ಇತ್ತಲ್ಲ, ಏನಾದದು ಅನ್ಕಂಡೆ."

ನಂಜನಗೂಡಿನಿಂದ ನರಸೀಪುರದವರೆಗೆ, ಆ ಹಳ್ಳದ ರಸ್ತೆಯಲ್ಲಿ, ಕಪ್ಪು ಡಬ್ಬಿಯೊಳಗೆ ಈ ಮೊಳೆ ಗಡಗಡನೆ ಉರುಳುತ್ತಾ ಬಂದಿದೆ. ಅದರ ಹಕ್ಕಳೆಯೇ ನನ್ನ ಕಾಂತ. ಅದರ ಹಕ್ಕಳೆಯೇ ವಿದೇಶದ ಪತ್ರಿಕೆ, ಪ್ರಿನ್ಸಿಪಾಲರ ಹಾರ, ಅಪ್ಪನ ಮೈಸೂರು ಪಾಕು.

ಬೈಯಬೇಕೆಂದು ಬಾಯಿ ತೆರೆದೆ. ಅವಳು ಮೊಳೆಯನ್ನು ಒರೆಸಿ ಮತ್ತೆ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಏನಾಯಿತು ಎಂದು ಅವಳಿಗೆ ಇನ್ನೂ ಗೊತ್ತೇ ಇಲ್ಲ.

೩ ಸೆಪ್ಟೆಂಬರ್ ೨೦೦೭, ಸೋಮವಾರ

ಹೋದ ವಾರವೇ ಅವ್ವನಿಗೆ ಹೇಳಿದೆ. ಹೇಳಬಾರದಿತ್ತೇನೋ. ಮೊಳೆಯಿಂದ ಚೂರು ಉದುರಿ ಪುಡಿಗೆ ಸೇರಿತು, ಅದಕ್ಕೇ ಕಾಂತ ಬಂತು, ನನ್ನ ಲೇಖನ ನಿಲ್ಲುವುದಿಲ್ಲ ಎಂದೆ. ಅಂದಿನಿಂದ ಅವಳು ಸರಿಯಾಗಿ ಉಣ್ಣುತ್ತಿಲ್ಲ.

ಇವತ್ತು ಬೆಳಿಗ್ಗೆ ಜಡೆ ಹಾಕಿಕೊಡುತ್ತಾ ಕೇಳಿದಳು, "ನಾನೂ ನೀನೂ ಸುಮ್ಕಿದ್ರೆ ಯಾರ್ಗೂ ಗೊತ್ತಾಗಾಕಿಲ್ಲ ಅಲ್ವಾ ಮಗ?"

ನಿಜ. ಏಳನೇ ಪುಡಿ ಇನ್ನೂ ಡಬ್ಬಿಯಲ್ಲಿ ಸಾಕಷ್ಟಿದೆ. ಮಡಿಸಿಟ್ಟ ಚೂರುಗಳನ್ನು ಮತ್ತೆ ಬೆರೆಸಿ ಪುಣೆಗೆ ಕಳಿಸಿದರೆ ಅವರ ಯಂತ್ರವೂ ಗೆರೆಯನ್ನು ಬಾಗಿಸುತ್ತದೆ. ಸರ್ ಹೇಳಿದ ಹಾಗೆ ಅಲ್ಲಿಗೆ ಮಾತು ಮುಗಿಯುತ್ತದೆ. ಪ್ರಬಂಧವೂ ಆಗುತ್ತದೆ. ಇದುವರೆಗೆ ಆದದ್ದು ತಪ್ಪು. ಬೆರೆಸಿ ಕಳಿಸಿದ ಗಳಿಗೆಯಿಂದ ಅದು ಮೋಸ, ನಂಜೇಶ್ ಹೇಳದಿದ್ದರೂ.

ಯಾಕೆ ಹಾಕಿದೆ, ಗಾಳಿಗೆ ಅಷ್ಟು ಹೆದರಿದ್ದೆಯಾ ಎಂದು ಕೇಳಿದೆ. ಜಡೆ ಬಿಗಿಯಾಗಿ ಎಳೆದು ಕಟ್ಟಿದಳು. "ಗಾಳಿಗಲ್ಲ ಕಣ್ ಮಗ. ನಿನ್ ಮೇಲೆ ಎಲ್ಲಾರ್ ಕಣ್ಣು ಅದೆ. ನಿಮ್ಮಪ್ಪ ಇಲ್ಲ ಅಂದ್ರೆ ಇಲ್ಲಾಂದಂಗೆ ಆಯ್ತದಾ?"

ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಬಂದೆ. ಅವಳ ಭಯಕ್ಕೆ ನಾನು ನಕ್ಕಿದ್ದೆ. ಲ್ಯಾಬಿನ ಮೂಲೆಯಲ್ಲಿ ಕುಳಿತು ಉಣ್ಣುವವಳು ನಾನು. ಎಲ್ಲರ ಕಣ್ಣಿಗೆ ಹೆದರಿಯೇ ಅಲ್ಲವೇ?

೭ ಸೆಪ್ಟೆಂಬರ್ ೨೦೦೭, ಶುಕ್ರವಾರ

ಮೈಸೂರಿಗೆ ಸರ್ ಹತ್ತಿರ ಹೋಗಿ ಬಂದೆ. ಮೆಟ್ಟಿಲು ಹತ್ತುವಾಗ ಎರಡು ಸಲ ಕೆಳಗಿಳಿದೆ. ಮೂರನೇ ಸಲ ಸರ್ ತಾವೇ ಬಾಗಿಲಲ್ಲಿ ಕಂಡರು, ಹಾಗಾಗಿ ಒಳಗೆ ಹೋಗಬೇಕಾಯಿತು.

ಹಾಳೆ, ಕಾಂತ, ಪುಡಿ ಎಲ್ಲ ಒಯ್ದಿದ್ದೆ. ಅವರ ಮೇಜಿನ ಮೇಲೆಯೇ ಮಾಡಿ ತೋರಿಸಿದೆ. ಮಿಕ್ಕಿದ್ದ ಒಂದೆರಡು ಕಪ್ಪು ಚೂರುಗಳು ಎದ್ದು ನಿಂತವು. ಸರ್ ಮುಖ ಕೆಂಪಾಯಿತು. ಲೇಖನದ ಮೇಲೆ ನನ್ನ ಹೆಸರೂ ಇದೆ ಗೊತ್ತಾ ಎಂದರು. ಜನ ಏನೆನ್ನುತ್ತಾರೆ ಗೊತ್ತಾ ಎಂದರು. ಗೊತ್ತು ಸರ್, ನನಗೆ ಚೆನ್ನಾಗಿ ಗೊತ್ತು ಎಂದೆ. ಕಿಟಕಿಯ ಕಡೆ ತಿರುಗಿ ನಿಂತರು. ನಾನು ಪುಡಿಯನ್ನು ಹಾಳೆಯಿಂದ ಮತ್ತೆ ಡಬ್ಬಿಗೆ ಸುರಿದೆ.

ಕೊನೆಗೆ ಕೇಳಿದರು, "ಕಬ್ಬಿಣ ಎಲ್ಲಿಂದ ಬಂತು?"

ಸಾಗಿಸುವಾಗ ಸೇರಿತು ಎಂದು ಹೇಳಿ ಮುಗಿಸಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಅವ್ವನ ಹೆಸರು ಎತ್ತಬಾರದು, ಮೈಸೂರಿನಲ್ಲೆಲ್ಲ ನಗುತ್ತಾರೆ ಎಂದುಕೊಂಡಿದ್ದೆ. ಆದರೆ ಅರ್ಧ ಸತ್ಯ ಹೇಳಿದರೆ ಅವರು ಚಿಕ್ಕಮಾದುವನ್ನೇ ಹಿಡಿಯುತ್ತಾರೆ, ನಾನು ಹಿಡಿದ ಹಾಗೆ. ಎಲ್ಲವನ್ನೂ ಹೇಳಿದೆ. ಅಮಾವಾಸ್ಯೆ, ಕೋಳಿ ಸಾರು, ಲಾಳದ ಮೊಳೆ, ತುಕ್ಕಿನ ರುಚಿ.

ಸರ್ ಮೇಜಿನ ಕಡೆ ನೋಡುತ್ತಲೇ, "ನಮ್ಮನೇಲಿ ಒಬ್ಬಟ್ಟು ಕಳಿಸುವಾಗ ಇದ್ದಿಲು ಇಡೋರು. ನಿಮ್ಮ ತಾಯಿನೂ ಇದ್ದಿಲು ಇಟ್ಟಿದ್ರೆ ಬಚಾವಾಗ್ತಿದ್ವಿ" ಎಂದರು. ನಗಲಿಲ್ಲ. ಪತ್ರಿಕೆಗೂ ಪುಣೆಗೂ ಏನು ಬರೆಯಬೇಕೆಂದು ಹೇಳಿ ಬರೆಸಿದರು. ಕೆಳಗೆ ಇಬ್ಬರ ಸಹಿ. ನನ್ನ ಸಹಿ ಸೊಟ್ಟಗೆ ಬಿದ್ದಿದೆ.

ಮನೆಗೆ ಬಂದು, ಲೇಖನ ತಪ್ಪಾಗಿತ್ತು, ವಾಪಸ್ ತೆಗೆದುಕೊಂಡೆ ಎಂದು ಅಪ್ಪನಿಗೆ ಹೇಳಿದೆ. ಯಾರು ಕಂಡುಹಿಡಿದರು ಎಂದು ಕೇಳಿದರು. ನಾನೇ ಎಂದೆ. ಜೆರಾಕ್ಸನ್ನು ಹರಿಯದ ಹಾಗೆ ನಿಧಾನವಾಗಿ ಬಿಡಿಸಿ ತೆಗೆದು ಮಡಿಸಿಟ್ಟರು. ಕಬ್ಬಿಣ ಹೇಗೆ ಸೇರಿತು ಎಂದು ಮಾತ್ರ ಕೇಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳನ್ನೊಮ್ಮೆ ನೋಡಿ, ಚಲುವಿ, ಊಟಕ್ಕಿಡು, ನೀನೂ ಉಣ್ಣು ಎಂದರು. ಅಪ್ಪನಿಗೆ ಎಷ್ಟು ಗೊತ್ತಿದೆಯೋ.

೧೦ ಅಕ್ಟೋಬರ್ ೨೦೦೭, ಬುಧವಾರ

ಹತ್ತನೇ ಪುಡಿ ಫರ್ನೇಸಿನಲ್ಲಿದೆ. ಇದುವರೆಗೆ ಕರೆಂಟ್ ಹೋಗಿಲ್ಲ. ಲ್ಯಾಂಥನಮ್ ಬದಲು ಬೇರೆ ಏನಾದರೂ ನೋಡಬೇಕು. ಪ್ರಬಂಧ ಒಂದು ವರ್ಷವಾದರೂ ಹಿಂದಕ್ಕೆ ಬಿತ್ತು. ಪುಣೆಯವರು ಉತ್ತರ ಬರೆದಿದ್ದಾರೆ. ಈ ಸಲ ಸೈಬರ್ ಕೆಫೆಯಲ್ಲಿ ಕುಳಿತೇ ಓದಿದೆ. ಮೂರೇ ಸಾಲು. ಹೀಗೆ ತಿಳಿಸುವವರು ಕಡಿಮೆ ಎಂದಿದ್ದಾರೆ.

ನಾಳೆ ಮಹಾಲಯ ಅಮಾವಾಸ್ಯೆ. ನಾಳೆ ಅಪ್ಪ ದಿನವಿಡೀ ಮನೆಯಲ್ಲಿರುತ್ತಾರೆಂದು ಅವ್ವ ಇವತ್ತೇ ಕೋಳಿ ಕೊಯ್ಸಿ, ಬೆಳಿಗ್ಗೆಯೇ ಸಾರು ಕಾಯಿಸಿ ನನ್ನ ಡಬ್ಬಿಗೆ ತುಂಬಿದಳು. ಈ ಸಲ ಡಬ್ಬಿ ಕೊಡುವಾಗ ಬೆನ್ನು ತಿರುಗಿಸಲಿಲ್ಲ.

ಲ್ಯಾಬಿನ ಸ್ಟೂಲಿನ ಮೇಲೆ ಚಿಕ್ಕಮಾದು ಶೀಶೆಗಳನ್ನು ಒಣಗಲು ಇಟ್ಟಿದ್ದ. ಜಾಗವಿರಲಿಲ್ಲ, ಊಟಕ್ಕೆ ಸ್ಟಾಫ್ ರೂಮಿಗೆ ಹೋದೆ. ನಂಜೇಶ್ ಇದ್ದರು. ಪೇಪರ್ ವಾಪಸ್ ತಗೊಂಡ್ರಂತೆ ಎಂದು ಕೇಳಿದರು. ಹೌದು, ಕಬ್ಬಿಣ ಸೇರಿತ್ತು, ಗೊತ್ತಾದ ಮೇಲೆ ಇಟ್ಟುಕೊಳ್ಳೋಕಾಗುತ್ತಾ ಎಂದೆ. ಅವರು ಮತ್ತೆ ತಮ್ಮ ಡಬ್ಬಿಗೆ ಕೈ ಹಾಕಿದರು. ನನಗೂ ಹಸಿವಾಗಿತ್ತು.

ಡಬ್ಬಿಯ ತಳದಲ್ಲಿ ಚಮಚಕ್ಕೆ ಏನೋ ತಾಗಿ ಟಣ್ ಎಂದಿತು. ಎತ್ತಿ ಮುಚ್ಚಳದ ಮೇಲಿಟ್ಟೆ.

"ಏನ್ ಮೇಡಂ ಅದು?" ಎಂದರು ನಂಜೇಶ್.

"ಮೊಳೆ. ನಮ್ಮವ್ವ ಹಾಕಿದ್ದು."

ಸಾರಿಗೆ ತುಕ್ಕಿನ ರುಚಿ ಬಂದಿತ್ತು. ಪೂರ್ತಿ ಉಂಡೆ.